ಹಿಲ್ಮಾ ಅಜ್ಜಿ ಯಾರ ಅಜ್ಜಿ

ಲೆಂಪಿ ಕಂಗಾಸ್ ಬಾಯಿ ಜೋರಿನ ಹೆಂಗಸು. ಉತ್ತರ ಮಿನೆಸೋಟಾದ ನಮ್ಮ ಗಣಿ ಊರಿನಲ್ಲಿ ಅವಳ ಪ್ಯಾಸ್ಟಿ ಅಂಗಡಿಗೆ ಅಂಟಿಕೊಂಡೇ ನನ್ನ ಟೈರ್ ಅಂಗಡಿ ಇತ್ತು, ಹಾಗಾಗಿ ಬೈಗುಳ ನನಗೆ ದಿನವೂ ಸಿಗುತ್ತಿತ್ತು. ಅವಳ ಕೈರುಚಿ ಮಾತ್ರ ಬೇರೆಯೇ. ದನದ ಮಾಂಸ, ಆಲೂಗಡ್ಡೆ, ಈರುಳ್ಳಿಯ ಜೊತೆಗೆ ರೂಟಬೇಗಾ ಗೆಡ್ಡೆ ಹೆಚ್ಚಿ, ಲಟ್ಟಿಸಿದ ಹಿಟ್ಟಿನೊಳಗೆ ತುಂಬಿ, ಕಡುಬಿನ ಹಾಗೆ ಮಡಚಿ ಓವನ್ನಿನಲ್ಲಿ ಬೇಯಿಸುತ್ತಿದ್ದಳು. ಗಣಿಗಿಳಿಯುವ ಗಂಡನ ಬುತ್ತಿಗೆಂದು ಅವಳ ಅಜ್ಜಿ ಹಿಲ್ಮಾ ಮಾಡುತ್ತಿದ್ದ ಪ್ಯಾಸ್ಟಿ ಅದು.

ಅವಳ ಅಂಗಡಿ ಒಂದು ದೊಡ್ಡ ಕಂಪನಿಯ ಫ್ರಾಂಚೈಸಿ. ಹತ್ತು ವರ್ಷದ ಕರಾರು, ವರ್ಷವರ್ಷವೂ ಅವರಿಗೆ ಫೀಸು. ಅವರ ಪ್ಯಾಸ್ಟಿಯ ಪಕ್ಕದಲ್ಲಿ ಲೆಂಪಿ ಅಜ್ಜಿಯದನ್ನೂ ಇಟ್ಟಳು, ಜನ ಅಜ್ಜಿಯದನ್ನೇ ಕೇಳತೊಡಗಿದರು. ಕಂಪನಿಯವರು ಬಂದು ತಿಂದು, 'ಹಿಲ್ಮಾ ಅಜ್ಜಿ ಪ್ಯಾಸ್ಟಿ' ಅಂತ ನಮ್ಮ ಎಲ್ಲ ಅಂಗಡಿಗಳಲ್ಲೂ ಮಾರುತ್ತೇವೆ ಅಂದಾಗ ಉಬ್ಬಿಹೋದಳು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು, ಅಜ್ಜಿಯ ಫೋಟೋ ಕೂಡ ಕೊಟ್ಟಳು. ಓದದೆ ಸಹಿ ಹಾಕಿದ್ದಕ್ಕೆ ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟಿದೆ.

ಆರನೇ ವರ್ಷ ಕಂಪನಿ ಗೆಡ್ಡೆ ತೆಗೆದು ಕ್ಯಾರೆಟ್ ಹಾಕಲು ಹೇಳಿತು. ಗೆಡ್ಡೆ ದುಬಾರಿಯಂತೆ.

"ಕ್ಯಾರೆಟ್ಟಂತೆ ಕಣೋ! ಅಜ್ಜಿ ಇದ್ದಿದ್ರೆ ಲಟ್ಟಣಿಗೆ ತಗೊಂಡು ಅಟ್ಟಿಸಿಕೊಂಡು ಹೋಗ್ತಿದ್ಲು. ನಾನು ಬಿಡ್ತೀನಿ ಇವರ ಸಹವಾಸ."

"ಮಧ್ಯದಲ್ಲಿ ಬಿಟ್ರೆ ದಂಡ ಹಾಕ್ತಾರೆ ಮಾರಾಯ್ತಿ," ಅಂದೆ.

"ಹಾಕ್ಲಿ. ನೀನು ಟೈರ್ ನೋಡ್ಕೋ."

ದಂಡ ಹಾಕಿಯೇ ಹಾಕಿದರು. ಉಳಿದ ವರ್ಷಗಳ ಫೀಸನ್ನೆಲ್ಲ ಒಟ್ಟಿಗೆ ಕಕ್ಕಬೇಕಂತೆ. ಮನೆ ಮಾರಿದರೂ ಸಾಲದು. ಊರ ವಕೀಲ ಪ್ರೆಬಿಚ್ ಕರಾರಿನ ಆ ಪುಟ ಓದಿ ನಕ್ಕ.

"ನಮ್ಮ ರಾಜ್ಯದಲ್ಲಿ ಇದು ನಡೆಯಲ್ಲ. ಫ್ರಾಂಚೈಸಿ ಬಿಟ್ರೆ ಇಷ್ಟು ದಂಡ ಅಂತ ಮೊದಲೇ ಬರೆಸಿಕೊಳ್ಳೋದೇ ತಪ್ಪು ಅನ್ನುತ್ತೆ ಇಲ್ಲಿನ ಕಾನೂನು."

ಕಂಪನಿಗೂ ಹಾಗೇ ಬರೆದ, ಜಗ್ಗಲಿಲ್ಲ; ಕಂಪನಿ ದಂಡದ ಮಾತು ಕೈಬಿಟ್ಟಿತು. ಲೆಂಪಿ ಅವನ ಆಫೀಸಿನಲ್ಲೇ ಚಪ್ಪಾಳೆ ತಟ್ಟಿದಳು.

"ನಾಳೇನೇ ಹೊಸ ಬೋರ್ಡ್ ಬರೆಸ್ತೀನಿ. ಹಿಲ್ಮಾ ಪ್ಯಾಸ್ಟಿ!"

ಪ್ರೆಬಿಚ್ ನಗಲಿಲ್ಲ. "ಆಗಲ್ಲ ಲೆಂಪಿ. ದಂಡಕ್ಕೆ ಕಾನೂನು ಅಡ್ಡ ನಿಂತಿತು. ಹೆಸರು, ಫೋಟೋ, ಮಾಡೋ ವಿಧಾನ ಎಲ್ಲ ನೀನೇ ಬರೆದುಕೊಟ್ಟಿದ್ದೀಯ. ಅದಕ್ಕೆ ಯಾರೂ ಅಡ್ಡ ಬರಲ್ಲ."

"ನನ್ನಜ್ಜಿ ಕಣಯ್ಯಾ ಅವಳು!"

"ಆಗಿದ್ದಳು. ಈಗ ಅವರ ಅಜ್ಜಿ."

ಕಾನೂನು ಮನೆ ಉಳಿಸಿತು, ಸುಳ್ಳು ಹೇಳಬಾರದು. ಆದರೆ ಅವಳು ಮಾರುವುದಕ್ಕೆ ಏನೂ ಉಳಿಯಲಿಲ್ಲ. ಹೆದ್ದಾರಿಯ ಬಳಿ ಕಂಪನಿಯ ಹೊಸ ಅಂಗಡಿ ಎದ್ದಿತು. ಗಾಜಿನ ಮೇಲೆ ಆಳೆತ್ತರದ ಹಿಲ್ಮಾ, ಒಳಗೆ ಕ್ಯಾರೆಟ್ ಪ್ಯಾಸ್ಟಿ. ಲೆಂಪಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದಳು. ಬೈಗುಳ ನಿಂತುಹೋಯಿತು. ನನಗೆ ಅದೇ ಹೆಚ್ಚು ಸಂಕಟವಾದದ್ದು.

ಆ ಚಳಿಗಾಲ ಚರ್ಚಿನ ಪ್ಯಾಸ್ಟಿ ಮಾರಾಟದ ದಿನ ನೆಲಮಾಳಿಗೆಯ ಅಡುಗೆಮನೆಗೆ ನಾವೆಲ್ಲ ಸೇರಿದೆವು. ಪ್ರತಿ ವರ್ಷ ಪ್ಯಾಸ್ಟಿ ಮಡಚುವ ಮೇಜಿನ ಕೆಲಸ ಲೆಂಪಿಯದೇ. ಪಾದ್ರಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬೇಜಾರು ಮಾಡ್ಕೋಬೇಡಿ ಲೆಂಪಿಯಮ್ಮ, ನಿಮ್ಮ ವಿಧಾನ ಈಗ ಕಂಪನಿಯದು, ಚರ್ಚಿನ ಮೇಲೆ ಕೇಸು ಬಂದ್ರೆ ಕಷ್ಟ. ನೀವು ಈರುಳ್ಳಿ ಹೆಚ್ಚಿಕೊಡಿ ಸಾಕು," ಅಂದರು. ಲೆಂಪಿ ಚಾಕು ತೆಗೆದುಕೊಂಡಳು. ನಾನು ಎದುರಿಗೆ ಕೂತು ಆಲೂಗಡ್ಡೆ ಸುಲಿಯುತ್ತಾ ಪಾದ್ರಿಯನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದೆ.

ಪ್ಯಾಸ್ಟಿ ಮಡಚುವ ಮೇಜಿನ ಬಳಿ ಊರಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳಿದ್ದಳು. ಒಳ್ಳೆಯವಳೇ. ಲೆಂಪಿಗೆ ಬೇಸರವಾಗಬಾರದೆಂದು ಕರೆದು ತೋರಿಸಿದಳು.

"ನೋಡಿ ಆಂಟಿ, ಅಂಚನ್ನ ಫೋರ್ಕಿನಿಂದ ಹೀಗೆ ಒತ್ತಬೇಕು. ಕಂಪನಿ ವಿಡಿಯೋದಲ್ಲಿ ನೋಡಿ ಕಲಿತೆ. ಹಿಲ್ಮಾ ಅಜ್ಜಿ ಹೀಗೇ ಮಾಡ್ತಿದ್ರಂತೆ."

ಹಿಲ್ಮಾ ಯಾವತ್ತೂ ಫೋರ್ಕ್ ಮುಟ್ಟಿದವಳಲ್ಲ, ಬೆರಳಲ್ಲೇ ಹೆಣೆಯುತ್ತಿದ್ದಳು. ಈಗ ಲೆಂಪಿ ಸಿಡಿಯುತ್ತಾಳೆ ಅಂತ ಕಾದೆ. ಸಿಡಿಯಲಿ ಅಂತ ಬೇಡಿಕೊಂಡೆ.

ಲೆಂಪಿ ಬಗ್ಗಿ ಆ ಅಂಚನ್ನು ನೋಡಿದಳು.

"ಇರಬಹುದಮ್ಮ," ಅಂದಳು. "ನಂಗೇನು ಗೊತ್ತು?"