ನನಗಿಂತ ಮುಂಚೆ ಹೊರಟ ಚೀಲ

ಗಂಟುಮೂಟೆ ಕಟ್ಟುವುದರಲ್ಲಿ ನನ್ನಂಥ ದಡ್ಡ ನಾಲ್ಕು ತಾಲ್ಲೂಕಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಅರಕಲಗೂಡಿಗೆ ಒಂದು ಮದುವೆಗೆ ಹೊರಟರೆ ಪಂಚೆ ಮರೆತು ಎರಡು ಛತ್ರಿ ಒಯ್ಯುವ ಜಾತಿ ನನ್ನದು. ಇಂಥವನ ಪಾಲಿಗೆ, ದೇವರು ಅವತ್ತು ಯಾವ ಲಹರಿಯಲ್ಲಿದ್ದನೋ, ನಾರ್ವೆ ದೇಶದ ಹಿಮದ ಕಾಡಿಗೆ ಗಂಟು ಕಟ್ಟುವ ಯೋಗ ಬಂತು. ಕಟ್ಟಿದೆ ಸ್ವಾಮಿ. ಎಷ್ಟು ಚೆನ್ನಾಗಿ ಕಟ್ಟಿದೆನೆಂದರೆ, ನನ್ನ ಚೀಲ ನನಗಿಂತ ಹನ್ನೆರಡು ದಿನ ಮುಂಚೆಯೇ ಹೊರಟುಬಿಟ್ಟಿತು.

ಆಗ ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಕಿಲೋಗ್ರಾಮು ಅನ್ನುವುದು ಪಾಠದ ಪುಸ್ತಕಕ್ಕೆ ಬಂದಿತ್ತು, ಅಂಗಡಿಗೆ ಇನ್ನೂ ಬಂದಿರಲಿಲ್ಲ, ಅಂಥ ಕಾಲ. ಸ್ಕೌಟಿನ ಹೊಣೆಯೂ ನನ್ನ ತಲೆಗೇ ಕಟ್ಟಿದ್ದರು. ಬೇರೆ ಯಾವ ಮೇಷ್ಟ್ರೂ ಅರ್ಧ ಚಡ್ಡಿ ಹಾಕಲು ಒಪ್ಪಿರಲಿಲ್ಲ, ಅಷ್ಟೇ ನನ್ನ ಅರ್ಹತೆ. ವರ್ಷಾ ವರ್ಷಾ ಕರೀಹಲಗೆಯ ಮೇಲೆ ಹಿಮದ ಮನೆ ಬರೆದು ಅಲ್ಲಿನ ಜನಜೀವನವನ್ನು ಕಣ್ಣಾರೆ ಕಂಡವನ ಹಾಗೆ ವರ್ಣಿಸುತ್ತಿದ್ದೆ. ನಾನು ಕಂಡಿದ್ದ ಹಿಮವೆಂದರೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಮರದ ಹೊಟ್ಟು ಮೆತ್ತಿಕೊಂಡು ಇಳಿಯುತ್ತಿದ್ದ ಐಸಿನ ಗಡ್ಡೆ ಮಾತ್ರ. ಹೀಗಿರುವಾಗ ಒಂದು ದಿನ ಕಾಗದ ಬಂತು. ನಾನಾ ದೇಶದ ಸ್ಕೌಟ್ ಮೇಷ್ಟ್ರುಗಳು ಚಳಿಗಾಲದಲ್ಲಿ ಹದಿನೈದು ದಿನ ಹಿಮದ ಕಾಡಿನಲ್ಲಿ ಡೇರೆ ಹೊಡೆದು ಬದುಕುವುದನ್ನು ಕಲಿಯುವ ಶಿಬಿರವಂತೆ. ಹೋಗಿಬರುವ ಖರ್ಚು ಅವರದೇ. ಅರ್ಜಿ ಹಾಕಿದ್ದು ನಾನೇ, ಆದರೆ ಒಪ್ಪಿಕೊಳ್ಳುತ್ತಾರೆ ಅಂತ ಯಾರಿಗೆ ಗೊತ್ತಿತ್ತು?

ಕಾಗದದ ಜೊತೆ ಎರಡು ಪುಟದ ಪಟ್ಟಿ. ಏನೇನು ತರಬೇಕು ಅಂತ. ಮೊದಲನೆಯದು ನೀರು ಹೋಗದ ಬೂಟು. ಚನ್ನರಾಯಪಟ್ಟಣದಲ್ಲಿ ಸೈನ್ಯದ ಪಟಾಲಮ್ಮಿನಿಂದ ನಿವೃತ್ತರಾಗಿ ಬಂದ ಒಬ್ಬರು ತಮ್ಮ ಹಳೇ ಬೂಟು ದಯಪಾಲಿಸಿದರು. ಅದರೊಳಗೆ ನನ್ನ ಕಾಲು ಇಟ್ಟ ಮೇಲೂ ಇನ್ನೊಬ್ಬರ ಕಾಲಿಗೆ ಜಾಗವಿತ್ತು. ನೀರು ಹೋಗುತ್ತಿರಲಿಲ್ಲ, ನಿಜ. ಹೋದ ನೀರು ಈಚೆಗೂ ಬರುತ್ತಿರಲಿಲ್ಲ. ಎರಡನೆಯದು ಮಲಗುವ ಚೀಲ. ಮನುಷ್ಯ ಚೀಲದೊಳಗೆ ಹೊಕ್ಕು ಮಲಗುವ ವಿಚಾರ ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಹಳೇಕೋಟೆಯ ಕಡೆಯಿಂದ ಎರಡು ದಪ್ಪನೆಯ ಕರೀ ಕಂಬಳಿ ತರಿಸಿ, ಪೇಟೆಯ ಟೈಲರ್ ಬಾಷಾ ಸಾಹೇಬರ ಮುಂದೆ ಹಾಕಿ, ಮೂರು ಕಡೆ ಹೊಲಿದು ಒಂದು ಕಡೆ ಗುಂಡಿ ಇಡಿ ಎಂದೆ. ಅವರು ಕನ್ನಡಕ ಹಣೆಗೆ ಏರಿಸಿ, ಕಂಬಳಿ ಮಡಚಿ ನೋಡಿ ಕೇಳಿದರು:

"ಗುಂಡಿ ಒಳ್ಗಡೆ ಇಡ್ಲಾ ಸಾ, ಹೊರ್ಗಡೆ ಇಡ್ಲಾ? ಹೊರ್ಗಡೆ ಇಟ್ರೆ ಬೆಳಿಗ್ಗೆ ನಿಮ್ಮನ್ನ ಬಿಚ್ಚೋರು ಯಾರು?"

ಒಳಗಡೆಯೇ ಇಡಿ ಅಂದೆ. ಭೂಗೋಳ ಓದಿದವನಿಗೆ ಹೊಳೆಯದ ಪ್ರಶ್ನೆ ಅದು.

ವಿಮಾನದಲ್ಲಿ ನಲವತ್ತನಾಲ್ಕು ಪೌಂಡು ಮೀರಿ ಒಯ್ಯುವಂತಿಲ್ಲ ಅಂತ ಪಟ್ಟಿಯ ಕೊನೆಯಲ್ಲಿ ಕೆಂಪು ಅಕ್ಷರದಲ್ಲಿ ಬರೆದಿದ್ದರು. ಸ್ಕೌಟಿನ ಪುಟ್ಟ ಡೇರೆಯೂ ಸೇರಿ ಎಲ್ಲವನ್ನೂ ಒಂದು ದೊಡ್ಡ ಕ್ಯಾನ್ವಾಸ್ ಚೀಲಕ್ಕೆ ತುಂಬಿ ಬೆಲ್ಲದ ಮಂಡಿಯ ತಕ್ಕಡಿಗೆ ಹಾಕಿಸಿದೆ. ಒಂದು ಸೋಪಿನ ಡಬ್ಬಿ ತೆಗೆದು, ಒಂದು ಪುಸ್ತಕ ತೆಗೆದು, ಕೊನೆಗೆ ಹಲ್ಲುಪುಡಿಯನ್ನೂ ಅರ್ಧ ಚೆಲ್ಲಿ, ನಲವತ್ಮೂರೂವರೆಗೆ ತಂದು ನಿಲ್ಲಿಸಿದೆ. ಜನ್ಮದಲ್ಲಿ ಮೊದಲ ಸಲ ಒಂದು ಗಂಟು ಸರಿಯಾಗಿ ಕಟ್ಟಿದ್ದೆ. ಆ ಹೆಮ್ಮೆ ಇದ್ದದ್ದು ಎರಡೇ ದಿನ.

ಯಾಕೆಂದರೆ ಮನೆಯಲ್ಲಿ ಅಮ್ಮ ಇದ್ದಳು. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು, ನಾನಿನ್ನೂ ಮದುವೆಯಾಗಿರಲಿಲ್ಲ, ಮನೆಯಲ್ಲಿ ನಾವಿಬ್ಬರೇ. ನಾನು ಹೋಗುವುದು ಅವಳಿಗೆ ಇಷ್ಟವಿರಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. "ಹೊರಡೋ ದಿನ ಅಮಾವಾಸ್ಯೆ, ಅದರ ಮೇಲೆ ಮಂಗಳವಾರ. ಪರಸ್ಥಾನ ಇಟ್ಟರೆ ಹೋಗು, ಇಲ್ಲದಿದ್ದರೆ ನನ್ನ ಹೆಣ ದಾಟಿಕೊಂಡು ಹೋಗು" ಅಂದುಬಿಟ್ಟಳು.

ಪರಸ್ಥಾನ ಗೊತ್ತಿಲ್ಲದ ಪುಣ್ಯವಂತರಿಗೆ ಎರಡು ಮಾತು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಂದು ಒಳ್ಳೆಯ ಮುಹೂರ್ತದಲ್ಲಿ ನಿಮ್ಮ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ನೀವು ಪ್ರಯಾಣ ಹೊರಟ ಹಾಗೇ ಲೆಕ್ಕ. ಆಮೇಲೆ ಅಮಾವಾಸ್ಯೆಯೋ ರಾಹುಕಾಲವೋ, ಯಾವಾಗ ಬೇಕಾದರೂ ಹೋಗಿ ಗಂಟು ಎತ್ತಿಕೊಂಡು ನಡೆಯಬಹುದು. ಹಿಂದೆ ರಾಜರೂ ದಂಡಯಾತ್ರೆಗೆ ಮುಂಚೆ ಕತ್ತಿಯನ್ನೋ ಕೊಡೆಯನ್ನೋ ಹೀಗೆ ಮುಂದೆ ಕಳಿಸಿ, ತಾವು ಅರಮನೆಯಲ್ಲಿ ಹಾಯಾಗಿ ಉಂಡು ಮಲಗುತ್ತಿದ್ದರಂತೆ. ಗ್ರಹಗಳ ಕಣ್ಣಿಗೆ ಮಣ್ಣೆರಚುವ ಇಂಥ ಉಪಾಯ ಕಂಡುಹಿಡಿದವರು ನಮ್ಮ ಜನ. ಅವರ ಬುದ್ಧಿಗೆ ಕೈ ಮುಗಿಯಬೇಕು. ನಮ್ಮ ಬೀದಿಯ ಶೇಷಾ ಜೋಯಿಸರು ಪಂಚಾಂಗ ನೋಡಿ, "ಹನ್ನೆರಡು ದಿನ ಮುಂಚಿನ ಗುರುವಾರ ಬೆಳಿಗ್ಗೆ ಪ್ರಶಸ್ತವಾಗಿದೆ. ಅಷ್ಟು ದಿನ ಇಡೋದು ಹೆಚ್ಚೇ ಆಯ್ತು, ಆದರೆ ದೂರ ದೇಶ, ಸ್ವಲ್ಪ ಎಳೀಬಹುದು" ಎಂದು ಅಪ್ಪಣೆ ಕೊಟ್ಟರು.

ಗುರುವಾರ ಬೆಳಿಗ್ಗೆ ಚೀಲಕ್ಕೆ ಕುಂಕುಮ ಹಚ್ಚಿ ಎದುರು ಮನೆಯ ರುಕ್ಮಿಣಮ್ಮನವರ ನಡುಮನೆಯಲ್ಲಿ ಇಟ್ಟು ಬಂದೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತಾಗ ತಿಳಿಯಿತು: ಕ್ಷೌರದ ಪೆಟ್ಟಿಗೆ ಚೀಲದೊಳಗಿದೆ. ಒಳ್ಳೆಯ ಪ್ಯಾಂಟುಗಳು ಎರಡೂ ಚೀಲದೊಳಗಿವೆ. ಚಳಿಗೆ ಹೊದೆಯುವ ಕಂಬಳಿಯಂತೂ ಹೊಲಿಸಿಕೊಂಡು ಕೂತಿದೆ. ತೆಗೆದುಕೊಂಡು ಬರುತ್ತೇನೆ ಅಂದರೆ ಅಮ್ಮ ಹೌಹಾರಿದಳು.

"ಪರಸ್ಥಾನಕ್ಕೆ ಇಟ್ಟಿದ್ದನ್ನ ಹಿಂದಕ್ಕೆ ತರೋದುಂಟೇನೋ! ಬೇಕಾದರೆ ಸೇರಿಸು. ತೆಗೀಬೇಡ."

ಇದು ಯಾವ ಶಾಸ್ತ್ರದಲ್ಲಿದೆಯೋ ನನಗಂತೂ ಗೊತ್ತಿಲ್ಲ. ಆದರೆ ಸೇರಿಸಬಹುದು, ತೆಗೆಯಬಾರದು ಅನ್ನುವ ಮಾತು ನಮ್ಮ ಬೀದಿಯ ಹೆಂಗಸರ ಕಿವಿಗೆ ಬಿದ್ದದ್ದೇ ತಡ, ನನ್ನ ನಲವತ್ಮೂರೂವರೆ ಪೌಂಡಿಗೆ ಗ್ರಹಚಾರ ಶುರುವಾಯಿತು. ರುಕ್ಮಿಣಮ್ಮನವರು ಮೊದಲ ದಿನವೇ ಒಂದು ಡಬ್ಬಿ ಹುರಿಹಿಟ್ಟು ಇಟ್ಟರು. "ಪಾಪ, ಅಲ್ಲಿ ಮಂಜು ತಿಂದು ಬದುಕೋಕಾಗುತ್ತಾ?" ಮಾರನೇ ದಿನ ಮೆಂತ್ಯದ ಹಿಟ್ಟು, ಆಮೇಲೆ ಸಾರಿನ ಪುಡಿ, ಹಪ್ಪಳ, ಒಣಶುಂಠಿ, ಒಂದು ಶೀಸೆ ಹರಳೆಣ್ಣೆ. ಅಮ್ಮನೂ ದಿನಕ್ಕೊಂದು ಸಲ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ರಸ್ತೆ ದಾಟುತ್ತಿದ್ದಳು. ನಾನು ಹೋಗಿ ಚೀಲ ಎತ್ತಿ ನೋಡಿದರೆ ಪ್ರತಿ ದಿನ ಸೊಂಟ ಇನ್ನಷ್ಟು ಮಾತಾಡುತ್ತಿತ್ತು. ಇತ್ತ ಗಡ್ಡ ಬೆಳೆಯಿತು. ಚಾವಡಿಯ ಕ್ಷೌರದಂಗಡಿಗೆ ಹೋಗಬಹುದಿತ್ತು, ಆದರೆ ಪ್ರಯಾಣ ಹೊರಟವನು ನಡುವೆ ಕ್ಷೌರ ಮಾಡಿಸಬಾರದಂತೆ. ಹಳೇ ಪ್ಯಾಂಟು, ಬೆಳೆದ ಗಡ್ಡ ನೋಡಿ ಹೆಡ್ಮಾಸ್ತರರು, "ಏನ್ರೀ, ವ್ರತಾನಾ?" ಅಂತ ಕೇಳಿದರು. ಹೌದು ಸಾರ್ ಅಂದೆ. ಸ್ಕೂಲಿನಲ್ಲಿ ಹಾರ ಹಾಕಿ, ಉಪ್ಪಿಟ್ಟು ಕೊಟ್ಟು, ಬೀಳ್ಕೊಡುಗೆಯನ್ನೂ ಮಾಡಿದರು.

ಹತ್ತನೇ ದಿನ ತಂತಿ ಬಂತು. ನಾರ್ವೆಯಲ್ಲಿ ಹಿಮ ವಿಪರೀತ ಬಿದ್ದಿದೆ, ಆದ್ದರಿಂದ ಹಿಮದ ಶಿಬಿರ ರದ್ದು.

ಎರಡು ಸಲ ಓದಿದೆ. ಹಾಗೇ ನಕ್ಕೆ. ಮಳೆ ಬಂತು ಅಂತ ನಾಟಿ ನಿಲ್ಲಿಸಿದ ಹಾಗಾಯಿತಲ್ಲಪ್ಪ ಇದು! ಬೇಸರವಾಗಲಿಲ್ಲ ಅಂದರೆ ಸುಳ್ಳು. ಹಾರದ ವಾಸನೆ ಇನ್ನೂ ಕೋಟಿನಲ್ಲಿತ್ತು. ಆದರೆ ಮೊದಲು ಹೊಳೆದದ್ದು ಕ್ಷೌರದ ಪೆಟ್ಟಿಗೆ. ನೆಟ್ಟಗೆ ರುಕ್ಮಿಣಮ್ಮನವರ ಮನೆಗೆ ಹೋಗಿ, ಚೀಲ ಹೆಗಲಿಗೇರಿಸಿ, ಏದುಸಿರು ಬಿಡುತ್ತ ರಸ್ತೆ ದಾಟಿದೆ. ಹೊಸಲಿನ ಮೇಲೆ ಅಮ್ಮ ನಿಂತಿದ್ದಳು. ಎರಡು ಕೈಯನ್ನೂ ಬಾಗಿಲವಾಡಕ್ಕೆ ಅಡ್ಡ ಚಾಚಿದ್ದಳು.

"ಅದನ್ನ ಒಳಗೆ ತರಬೇಡ."

"ಶಿಬಿರವೇ ಇಲ್ಲಮ್ಮ. ಇನ್ನೆಲ್ಲಿಗೆ ಹೋಗಲಿ?"

"ಎಲ್ಲಿಗಾದರೂ ಹೋಗು. ಹೊರಟ ಗಂಟು ಹೋಗದೇ ಮನೆಗೆ ಬರಕೂಡದು. ಒಂದು ಸಲ ತಂದು ಅನುಭವಿಸಿದೀನಿ."

ಆಗ ನನ್ನ ನಗು ಇಳಿಯಿತು. ಆರು ವರ್ಷದ ಹಿಂದೆ ಅಪ್ಪ ಕಾಶಿಗೆ ಹೊರಟಿದ್ದರು. ಇದೇ ಎದುರು ಮನೆಯಲ್ಲಿ ಅವರ ಗಂಟು ಪರಸ್ಥಾನಕ್ಕೆ ಕೂತಿತ್ತು. ಹೊರಡುವ ಮುಂಚೆ ಜ್ವರ ಬಂತು. ಚಳಿ ಚಳಿ ಅಂದಾಗ ಅಮ್ಮ ಓಡಿಹೋಗಿ, ಕಾಶಿಯ ಚಳಿಗೆಂದು ಗಂಟಿನಲ್ಲಿ ಕಟ್ಟಿದ್ದ ಹಸಿರು ಮಫ್ಲರನ್ನು ತೆಗೆಯುವುದಕ್ಕಾಗಿ ಗಂಟನ್ನೇ ಮನೆಗೆ ಹೊತ್ತು ತಂದಿದ್ದಳು. ಒಂಬತ್ತನೇ ದಿನಕ್ಕೆ ಅಪ್ಪ ಹೋದರು. ಜ್ವರ ಟೈಫಾಯ್ಡ್ ಅಂತ ಡಾಕ್ಟರು ಹೇಳಿದ್ದು ನನಗೆ ಗೊತ್ತು. ಗಂಟು ತಂದದ್ದು ತಾನು ಅನ್ನುವುದು ಅವಳಿಗೆ ಗೊತ್ತು. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಈ ಮಾತನ್ನು ಅವಳು ಎದೆಯಲ್ಲೇ ಕಟ್ಟಿಕೊಂಡಿದ್ದಳು. ಭೂಗೋಳದ ಮೇಷ್ಟ್ರಿಗೆ ಪ್ರಪಂಚದ ನಕ್ಷೆಯೆಲ್ಲ ಬರುತ್ತಿತ್ತು, ಇದೊಂದು ಕಂಡಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಚೀಲ ಮತ್ತೆ ಎದುರು ಮನೆಗೆ ಹೋಯಿತು. ನಾನು ಜೋಯಿಸರಲ್ಲಿಗೆ ಓಡಿದೆ. ಅವರು ನಶ್ಯ ಏರಿಸಿ ಹೇಳಿದರು: "ನಾರ್ವೆಗೇ ಹೋಗಬೇಕು ಅಂತ ಶಾಸ್ತ್ರ ಎಲ್ಲೂ ಹೇಳಿಲ್ಲಪ್ಪ. ಊರ ಸೀಮೆ ದಾಟು, ಮೂರು ರಾತ್ರಿ ಹೊರಗಿರು, ಬಾ. ಪ್ರಯಾಣ ಪೂರ್ತಿಯಾಯ್ತು."

ಹೀಗಾಗಿ ಅಮಾವಾಸ್ಯೆಯ ಮಂಗಳವಾರ ಅಮ್ಮ ಮೊಸರು ಕುಡಿಸಿದಳು, ರುಕ್ಮಿಣಮ್ಮನವರು ಆರತಿ ಎತ್ತಿದರು, ಹಿಮದ ಕಾಡಿನ ಸಾಮಾನೆಲ್ಲ ಹೊತ್ತುಕೊಂಡು ನಾನು ಹಾಸನದ ಹತ್ತಿರದ ದುದ್ದಕ್ಕೆ ಹೊರಟೆ. ಬಸ್ಸಿನ ಮೇಲಕ್ಕೆ ಚೀಲ ಎಸೆಯಲು ಹೋದ ಕಂಡಕ್ಟರು, "ಏನ್ ಸಾ, ಒಳಕಲ್ಲು ತುಂಬ್ಕಂಡಿದ್ದೀರಾ?" ಅಂತ ಇಳಿಸಿಬಿಟ್ಟ. ಕೊನೆಗೆ ಇಬ್ಬರೂ ಸೇರಿ ಎತ್ತಿದೆವು.

ದುದ್ದದಲ್ಲಿ ನನ್ನ ಜೊತೆ ಓದಿದ ಪುಟ್ಟಸ್ವಾಮಿ ಇದ್ದ. ರಾಗಿ, ತೆಂಗು, ನಾಲ್ಕು ಎಮ್ಮೆ, ಎದೆ ತುಂಬ ನಗು. ನಾನು ಅವನ ತೆಂಗಿನ ತೋಟದ ಆಚೆಯ ಬಯಲಿನಲ್ಲಿ ಡೇರೆ ಹೊಡೆಯುತ್ತೇನೆ ಅಂದಾಗ ಮಾತ್ರ ಅವನ ನಗು ನಿಂತಿತು.

"ಅಲ್ಲ ಕಣ್ಲಾ, ಅಂಥ ಮನೆ ಮಡೀಕಂಡಿವ್ನಿ. ಬಯ್ಲಲ್ಲಿ ಯಾಕ್ಲಾ ಮನೀಕತೀಯಾ? ನಾಕ್ ಜನ ನೋಡಿದ್ರೆ ಪುಟ್ಸಾಮಿ ಸ್ನೇಯಿತನ್ನ ಒರಗಾಕ್ದ ಅನ್ನಕಿಲ್ವಾ?"

ಇದು ಶಿಬಿರ, ಹೀಗೆ ಮಲಗುವುದನ್ನು ಕಲಿಯುವುದಕ್ಕೇ ಜನ ಸಮುದ್ರ ದಾಟಿ ಹೋಗುತ್ತಾರೆ ಅಂದೆ. "ನಮ್ ಒಲ ಕಾಯೋರು ದಿನಾ ಇಂಗೇ ಮನೀಕತಾರೆ. ಅವ್ರಿಗ್ಯಾಕ್ಲಾ ಯಾರೂ ಹಾರ ಆಕಲ್ಲ?" ಅಂದ. ನಾನು ಡೇರೆಯ ಗೂಟ ಹೊಡೆಯತೊಡಗಿದೆ.

ಪುಷ್ಯದ ಚಳಿ. ಹಿಮವಿಲ್ಲ, ಇಬ್ಬನಿ ಬೇಕಾದಷ್ಟು. ಮೊದಲ ರಾತ್ರಿ ಕಂಬಳಿಯ ಚೀಲ ಹೊಕ್ಕು ಒಳಗಿನಿಂದ ಗುಂಡಿ ಹಾಕಿಕೊಂಡವನಿಗೆ ಬೆಳಿಗ್ಗೆ ಬೆರಳು ಸೆಟೆದು ಒಂದು ಗುಂಡಿಯೂ ಬಿಚ್ಚಲಾಗಲಿಲ್ಲ. ಉರುಳಾಡುತ್ತ ಡೇರೆಯಿಂದ ಆಚೆ ಬಂದೆ. ಹಾಲು ಕರೆಯಲು ಬಂದ ಪುಟ್ಟಸ್ವಾಮಿ, ಇಬ್ಬನಿಯಲ್ಲಿ ಕರ್ರಗೆ ಹೊರಳುವುದನ್ನು ಕಂಡು ದೊಣ್ಣೆ ಎತ್ತಿಕೊಂಡು, "ಕಲ್ಡೀ! ಕಲ್ಡೀ!" ಅಂತ ಕೂಗಿದ. "ನಾನು ಕಣೋ, ಗುಂಡಿ ಬಿಚ್ಚೋ!" ಅಂತ ಕರಡಿಯೇ ಗೋಗರೆಯಿತು. ಟೈಲರ್ ಬಾಷಾ ಸಾಹೇಬರ ಪ್ರಶ್ನೆಗೆ ಕಡೆಗೂ ಉತ್ತರ ಸಿಕ್ಕಿತ್ತು: ಗುಂಡಿ ಎಲ್ಲಿದ್ದರೂ ಸರಿ, ಬಿಚ್ಚಲು ಒಬ್ಬ ಸ್ನೇಹಿತ ಬೇಕು. ಹುರಿಹಿಟ್ಟು, ಹಪ್ಪಳ, ಸಾರಿನ ಪುಡಿಯನ್ನೆಲ್ಲ ಅವನ ಮನೆಯವರೂ ನಾನೂ ಸೇರಿ ಮೂರು ದಿನದಲ್ಲಿ ಮುಗಿಸಿದೆವು. ಹರಳೆಣ್ಣೆ ಎಮ್ಮೆಗೆ ಉಪಯೋಗವಾಯಿತು.

ಮೂರನೇ ದಿನ ಚೀಲ ಹಗುರವಾದ ಮೇಲೆ ಅದರ ತಳದಲ್ಲಿ ಕೈಗೆ ಮೆತ್ತಗೆ ಏನೋ ತಗುಲಿತು. ಎಳೆದೆ. ಹಸಿರು ಮಫ್ಲರು. ಕರ್ಪೂರದ ವಾಸನೆ. ಅಮ್ಮ ಸೆರಗಿನಲ್ಲಿ ಮುಚ್ಚಿಕೊಂಡು ದಾಟಿಸಿದ್ದು ಇದನ್ನು! ಹೊರಟು, ಹೋಗದೆ, ಹಿಂದಕ್ಕೆ ಬಂದಿದ್ದ ಅಪ್ಪನ ಗಂಟಿನಲ್ಲಿ ಉಳಿದಿದ್ದು ಇದೊಂದೇ. ಇದನ್ನು ಹೇಗಾದರೂ ಮಾಡಿ ಒಂದು ಪ್ರಯಾಣ ಮಾಡಿಸಿ ತರಲಿ ಅಂತ, ನನಗೊಂದು ಮಾತೂ ಹೇಳದೆ, ನಾರ್ವೆಯವರ ಖರ್ಚಿನಲ್ಲಿ ಕಳಿಸಲು ನೋಡಿದ್ದಳು. ನನಗೆ ನಗುವೂ ಬಂತು, ಅಳುವೂ ಬಂತು. ಮೂರನೇ ರಾತ್ರಿಯೂ ಕಳೆದ ಮೇಲೆ ಮಫ್ಲರನ್ನು ಕೊರಳಿಗೆ ಸುತ್ತಿಕೊಂಡು ಬಸ್ಸು ಹತ್ತಿದೆ.

ನಮ್ಮ ಬೀದಿಗೆ ಬಂದಾಗ ಅಮ್ಮ ಹೊಸಲಿನ ಹತ್ತಿರವೇ ಇದ್ದಳು. ಈ ಸಲ ಕೈ ಅಡ್ಡವಿರಲಿಲ್ಲ. ಕೈಯಲ್ಲಿ ನೀರಿನ ಚೊಂಬಿತ್ತು. ನನ್ನ ಗಡ್ಡ ನೋಡಲಿಲ್ಲ, ಚೀಲ ನೋಡಲಿಲ್ಲ, ಕೊರಳು ನೋಡಿದಳು.

"ಅಲ್ಲಿ ಚಳಿ ಇತ್ತೇನೋ?"

"ಇತ್ತಮ್ಮ. ಇದಿದ್ದದ್ದು ಒಳ್ಳೇದಾಯ್ತು."

"ಸರಿ. ಕಾಲು ತೊಳ್ಕೊಂಡು ಇಬ್ಬರೂ ಒಳಗೆ ಬನ್ನಿ" ಅಂದಳು.

ಬಂದಿದ್ದವನು ನಾನೊಬ್ಬನೇ. ನಾನು ಚೊಂಬು ತೆಗೆದುಕೊಂಡು, ಮಫ್ಲರು ಬಿಚ್ಚದೆ, ಕಾಲು ತೊಳೆದುಕೊಂಡೆ. ಅವತ್ತು ರಾತ್ರಿ ಅವಳು ಎರಡು ಸಲ ಸಾರು ಬಡಿಸಿಕೊಂಡು ಉಂಡಳು. ಅಪ್ಪ ಹೋದ ಮೇಲೆ ಅವಳು ಹಾಗೆ ಉಂಡದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ನನಗೆ ಇನ್ನಾವ ದೇಶದಿಂದಲೂ ಕಾಗದ ಬರಲಿಲ್ಲ, ನಾನೂ ಅರ್ಜಿ ಹಾಕಲಿಲ್ಲ. ಆದರೂ ನಮ್ಮೂರಿನಲ್ಲಿ ಹಾರ ಹಾಕಿದ್ದು ನೆನಪಿರುವ ಯಾರಾದರೂ ಸಿಕ್ಕಿ, "ಮೇಷ್ಟ್ರೇ, ನೀವು ನಾರ್ವೆಗೆ ಹೋಗಿದ್ರಲ್ವಾ?" ಅಂತ ಕೇಳುವುದುಂಟು. ನಾನು ಸುಳ್ಳು ಹೇಳುವವನಲ್ಲ. ಹೋಗಿಲ್ಲಪ್ಪ, ಹಿಂದಿರುಗಿ ಬಂದಿದ್ದೇನೆ ಅಷ್ಟೇ ಅನ್ನುತ್ತೇನೆ.