ಕುರ್ಚಿಯ ಮುಂದಿನ ನೀರು

ಹದಿನೆಂಟು ವರ್ಷ ಕೆಲಸ ಮಾಡಿ, ಕೈಕೆಳಗೆ ಮೂವತ್ತು ಜನರನ್ನು ಇಟ್ಟುಕೊಂಡು, ಆಮೇಲೆ ಮತ್ತೆ ವಿದ್ಯಾರ್ಥಿಗಳಾಗಿ ಕುಳಿತವರ ಮುಖವನ್ನು ಒಂದು ಸಲ ನೋಡಬೇಕು. ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ, ಪ್ರಶ್ನೆ ಕೇಳಿದರೆ ಮಾತ್ರ ಯಾರ ಬಾಯಿಯೂ ತೆರೆಯುವುದಿಲ್ಲ. ನಮ್ಮ ಎಕ್ಸಿಕ್ಯುಟಿವ್ ಎಂಬಿಎ ತರಗತಿಯಲ್ಲಿ ಇಂಥವರು ಇಪ್ಪತ್ತೆರಡು ಮಂದಿ ಇದ್ದೆವು. ಹೂವಿನ ವ್ಯಾಪಾರದವನೊಬ್ಬ, ಆಸ್ಪತ್ರೆಗೆ ಸಾಮಾನು ತರಿಸುವವಳೊಬ್ಬಳು, ಬ್ಯಾಂಕಿನವರು ಒಂದಷ್ಟು, ಮತ್ತು ಯಂತ್ರದ ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವವಳಾದ ನಾನು. ಕೊರೋನಾ ಬಂದ ಮೇಲೆ ಕ್ಲಾಸುಗಳೆಲ್ಲ ಮನೆಗೇ ಬಂದವು. ನೆದರ್‌ಲ್ಯಾಂಡ್ಸಿನ ಬೆಸ್ಟ್ ಎಂಬ ಊರಿನ ನಮ್ಮ ಸಾಲುಮನೆಯ ಅಟ್ಟ ನನ್ನ ಕಾಲೇಜಾಯಿತು. ಶುಕ್ರವಾರ, ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಇಳಿಯುವುದು ಸಂಜೆಗೆ.

ಕೆಳಗಡೆ ಅಮ್ಮ ಇದ್ದಳು. ಮೂರು ತಿಂಗಳಿಗೆಂದು ಮಂಗಳೂರಿನಿಂದ ಬಂದವಳು, ವಿಮಾನಗಳು ನಿಂತು, ಟಿಕೆಟ್ ಎರಡು ಸಲ ರದ್ದಾಗಿ, ಅಕ್ಟೋಬರ್ ಬಂದರೂ ಇಲ್ಲೇ ಉಳಿದಿದ್ದಳು. ಅವಳಿಗೆ ಬೇಸರ ಆಗಲಿಲ್ಲವೆಂದರೆ ಅದಕ್ಕೆ ಕಾರಣ ನಾನಲ್ಲ, ದೊಡ್ಡಮ್ಮ. ಅಮ್ಮನ ಒಬ್ಬಳೇ ಅಕ್ಕ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಕಾಲ್. ಇಬ್ಬರೂ ಪರದೆಯಲ್ಲಿ ಬರೀ ಹಣೆ ತೋರಿಸಿಕೊಂಡು ಒಂದು ಗಂಟೆ ತುಳುವಿನಲ್ಲಿ ಊರಿನವರನ್ನೆಲ್ಲ ಆಡಿಕೊಳ್ಳುತ್ತಿದ್ದರು. ಮನೆಯಲ್ಲಿ ನಮ್ಮದೂ ತುಳುವೇ. ಅದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ದೊಡ್ಡಮ್ಮನಿಗೆ ಕೊರೋನಾ ಬಂತು, ಆಸ್ಪತ್ರೆಗೆ ಸೇರಿಸಿದರು. ನಾಲ್ಕು ದಿನ ಕಳೆದು ಒಂದು ಗುರುವಾರ ಮಧ್ಯಾಹ್ನ ದೊಡ್ಡಮ್ಮನ ಮಗ ನನಗೆ ಫೋನ್ ಮಾಡಿದ. ಬೆಳಗಿನ ಜಾವ ತೀರಿಕೊಂಡಿದ್ದರು. ಅವನಿಗೆ ಮುಖ ಸಹ ಸರಿಯಾಗಿ ತೋರಿಸಿರಲಿಲ್ಲ. ಅಲ್ಲಿದ್ದ ನರ್ಸ್ ಹೇಳಿದ್ದ ಒಂದು ಮಾತನ್ನೂ ಅವನು ನನಗೆ ಹೇಳಿದ. ಅದನ್ನು ಕೇಳಿದ ಕೂಡಲೇ, ಇದು ಯಾವತ್ತೂ ಅಮ್ಮನ ಕಿವಿಗೆ ಬೀಳಬಾರದು ಎಂದು ನಿಶ್ಚಯ ಮಾಡಿದೆ. ಚಿಕ್ಕಮ್ಮನಿಗೆ ಸುದ್ದಿಯನ್ನು ನೀನೇ ಹೇಳು ಎಂದು ಅವನು ಫೋನ್ ಇಟ್ಟ.

ಅಮ್ಮನ ಹೃದಯಕ್ಕೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದರು. ಹಾಗಾಗಿ ಈಗ ಬೇಡ, ಶನಿವಾರ ಕ್ಲಾಸ್ ಮುಗಿಯಲಿ, ಭಾನುವಾರ ನಿಧಾನಕ್ಕೆ ಹೇಳುತ್ತೇನೆ ಅಂದುಕೊಂಡೆ. ಸ್ಟೆಂಟ್ ಬರೀ ನೆಪ. ನನಗೆ ಹೆದರಿಕೆಯಾಗಿತ್ತು, ಅಷ್ಟೆ. ಆಸ್ಪತ್ರೆಯಲ್ಲಿ ಮೊಬೈಲ್ ಬಿಡುವುದಿಲ್ಲವಂತೆ, ದೊಡ್ಡಮ್ಮನಿಗೆ ಮಾತಾಡಲು ತ್ರಾಣ ಇಲ್ಲವಂತೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಸರಿ ಎಂದು ಬೀನ್ಸ್ ಹೆಚ್ಚಲು ಕುಳಿತಳು.

ಅವತ್ತೇ ಸಂಜೆ ಊಟದ ಮೇಜಿನ ಒಂದು ಕುರ್ಚಿಯನ್ನು ಅಟ್ಟಕ್ಕೆ ಹೊತ್ತೆ. ಬದಲಾವಣೆಯ ಕಾಲದಲ್ಲಿ ಮುಂದಾಳುತನ ಹೇಗಿರಬೇಕು ಎನ್ನುವ ಹೊಸ ಪಾಠ ಮರುದಿನ ಶುರುವಾಗುವುದಿತ್ತು. ದೇಶದ ಉತ್ತರ ತುದಿಯ ಗ್ರೋನಿಂಗನ್‌ನ ತಮ್ಮ ಮನೆಯಿಂದ ಪಾಠ ಮಾಡುವ ಪ್ರೊಫೆಸರಮ್ಮ ಮೊದಲೇ ಬರೆದು ಕಳಿಸಿದ್ದರು: ನೀವು ಕೂರುವ ಕೋಣೆಯಲ್ಲಿ ಒಂದು ಖಾಲಿ ಕುರ್ಚಿ ಇಡಿ. ಈ ಪಾಠ ನಡೆಯುವಷ್ಟು ವಾರ ಅದರ ಮೇಲೆ ಯಾರೂ ಕೂರಬಾರದು, ಏನೂ ಇಡಬಾರದು. ನಿಮ್ಮ ನಿರ್ಧಾರದಿಂದ ಯಾರ ಬದುಕು ಬದಲಾಗುತ್ತದೋ, ಯಾರು ನಿಮ್ಮ ಮೀಟಿಂಗಿಗೆ ಎಂದೂ ಬರುವುದಿಲ್ಲವೋ, ಅವರ ಜಾಗ ಅದು. ನಾನು ಹೇಳಿದಾಗ ಮಾತ್ರ ನೀವು ಅದರಲ್ಲಿ ಕೂತು ಅವರಾಗಿ ಮಾತಾಡಬೇಕು. 'ಅವರಿಗೆ ಹೀಗನಿಸಬಹುದು' ಅಲ್ಲ, 'ನನಗೆ ಹೀಗಾಯಿತು' ಎನ್ನಬೇಕು. ನಿಮಗೆ ಹಿತವಾದದ್ದನ್ನು ಆ ಕುರ್ಚಿಯಲ್ಲಿ ಕೂತು ಹೇಳುವಂತಿಲ್ಲ.

ಕುರ್ಚಿಯನ್ನು ನನ್ನ ಕಡೆ ಮುಖ ಮಾಡಿ ಇಟ್ಟಾಗ ಯಾಕೋ ಸರಿಹೋಗಲಿಲ್ಲ. ತಿರುಗಿಸಿ, ಬೆನ್ನು ನನಗೆ, ಮುಖ ತೆಂಕಣ ಕಿಟಕಿಗೆ ಮಾಡಿ ಇಟ್ಟೆ. ಚಹಾ ತಂದ ಅಮ್ಮ ಮೆಟ್ಟಿಲ ಬಾಯಲ್ಲೇ ನಿಂತು ಅದನ್ನು ನೋಡಿದಳು. ಇದರಲ್ಲಿ ಯಾರೂ ಕೂರಬಾರದು, ಮುಟ್ಟಬೇಡ, ಹೀಗೇ ಇರಲಿ ಎಂದೆ. ಎಷ್ಟು ದಿನ ಎಂದು ಕೇಳಿದಳು. ಕೆಲವು ವಾರ ಎಂದೆ. ಅತ್ತು ನನ್ನ ಕಣ್ಣು ಊದಿಕೊಂಡಿತ್ತು, ನೆಗಡಿ ಎಂದು ಅದಕ್ಕೂ ಒಂದು ಸುಳ್ಳು ಹೇಳಿದ್ದೆ.

ಶನಿವಾರ ಪ್ರೊಫೆಸರಮ್ಮ ಮೊದಲ ಸಲ ಎಲ್ಲರನ್ನೂ ಆ ಕುರ್ಚಿಗೆ ಕಳಿಸಿದರು. ನಮ್ಮ ಉಗ್ರಾಣವನ್ನು ಬೇರೆ ಊರಿಗೆ ಸಾಗಿಸುವುದು ನನ್ನ ಯೋಜನೆ. ನಾನು ಅಲ್ಲಿನ ಹಿರಿಯ ಕೆಲಸಗಾರನಾಗಿ ಕೂತು, ನನಗೆ ಅರವತ್ತೊಂದು ವರ್ಷ, ನಾನು ಸೈಕಲ್ಲಿನಲ್ಲಿ ಬರುವವನು, ನನ್ನನ್ನು ಯಾರೂ ಕೇಳಲಿಲ್ಲ ಎಂದೆಲ್ಲ ಹೇಳುತ್ತಾ ಹೋದೆ. ಹೇಳುತ್ತಾ ಅಳು ಬಂತು. ಪ್ರೊಫೆಸರಮ್ಮನಿಗೆ ಬಹಳ ಸಂತೋಷವಾಯಿತು. ತಿರುಗಿ ನೋಡಿದರೆ ಅಮ್ಮ ಚಹಾದ ಲೋಟ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದಳು.

ಭಾನುವಾರ ನಾನು ಹೇಳಲಿಲ್ಲ. ಸೋಮವಾರ ಅಟ್ಟಕ್ಕೆ ಹೋದಾಗ ಕಿಟಕಿಯ ಕಟ್ಟೆಯ ಮೇಲೆ, ಕುರ್ಚಿಯ ಎದುರಿಗೆ, ಒಂದು ಸ್ಟೀಲ್ ಲೋಟ ತುಂಬಾ ನೀರಿತ್ತು. ನನಗೆಂದೇ ಇಟ್ಟು ಮರೆತಿರಬೇಕು ಎಂದುಕೊಂಡೆ. ಸಂಜೆ ನೋಡಿದರೆ ನೀರು ಒಂದು ಬೆರಳು ಇಳಿದಿತ್ತು. ಕಟ್ಟೆಯ ಕೆಳಗೇ ಕೋಣೆ ಬಿಸಿ ಮಾಡುವ ರೇಡಿಯೇಟರ್ ಇದೆ, ಅದರ ಶಾಖಕ್ಕೆ ಆರಿರಬೇಕು. ಮರುದಿನ ಲೋಟ ಮತ್ತೆ ತುಂಬಿತ್ತು, ಸಂಜೆಗೆ ಮತ್ತೆ ಇಳಿದಿತ್ತು. ಆ ವಾರವಿಡೀ ನಾನು ಕೆಲಸ ಬಿಟ್ಟು ಲೋಟ ಅಳೆಯುವ ಹೆಂಗಸಾದೆ. ರೇಡಿಯೇಟರನ್ನು ಪೂರ್ತಿ ಬಂದ್ ಮಾಡಿದ ದಿನವೂ ನೀರು ಇಳಿದಿತ್ತು, ಆದರೆ ಎಷ್ಟು ಎಂದು ಈಗ ನೆನೆಸಿಕೊಂಡರೆ ಖಾತ್ರಿಯಿಲ್ಲ.

ಅಮ್ಮ ಮಾತ್ರ ಅಕ್ಕನಿಗೆ ಫೋನ್ ಮಾಡಿಕೊಡು ಎಂದು ಒಮ್ಮೆಯೂ ಕೇಳಲಿಲ್ಲ. ಕಾಟ ತಪ್ಪಿತು ಎಂದು ಮೊದಲು ಸಮಾಧಾನವಾಯಿತು. ಆಮೇಲೆ ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ, ನೀರುದೋಸೆ ಮಡಚುತ್ತಾ, ಅಕ್ಕನಿಗೆ ಇಲ್ಲಿಯ ಚಳಿ ಆಗುವುದಿಲ್ಲವಂತೆ ಎಂದಳು. ಯಾವಾಗ ಹೇಳಿದರು ಎಂದು ಕೇಳುವ ಧೈರ್ಯ ಬರಲಿಲ್ಲ. ಅಮ್ಮ ಎದ್ದು ಹೋದ ಮೇಲೆ, ವಿಷಯ ಗೊತ್ತಿದ್ದ ನನ್ನ ಗಂಡ, ಇನ್ನಾದರೂ ಹೇಳಿಬಿಡು ಎಂದ. ಅವನ ಮೇಲೆ ಹರಿಹಾಯ್ದೆ.

ಅವತ್ತು ಕುರ್ಚಿಯ ಬೆನ್ನಿಗೆ ಅಮ್ಮನ ಉಣ್ಣೆ ಶಾಲು ಬಂದಿತ್ತು, ಊರಿನಿಂದ ಹೊರಡುವಾಗ ದೊಡ್ಡಮ್ಮ ಹೊದಿಸಿ ಕಳಿಸಿದ್ದ ಕಂದು ಶಾಲು. ತೆಗೆಯಲು ಕೈ ಹೋಗಲಿಲ್ಲ. ಮುಂದಿನ ಕ್ಲಾಸ್ ದಿನ ಎಂದಿನಂತೆ ಕೋಣೆ ಕಾಣದ ಹಾಗೆ ಹಿನ್ನೆಲೆಯನ್ನು ಮಸುಕು ಮಾಡಿ ಕುಳಿತೆ. ಮನುಷ್ಯರನ್ನು ಬಿಟ್ಟು ಉಳಿದದ್ದನ್ನೆಲ್ಲ ಮಸುಕು ಮಾಡುವುದು ಆ ತಂತ್ರಾಂಶದ ಕೆಲಸ. ಪಾಠದ ನಡುವೆ ಹೂವಿನ ವ್ಯಾಪಾರದವನು, ನಿನ್ನ ಹಿಂದೆ ಕಿಟಕಿಯ ಹತ್ತಿರ ಯಾರೋ ಕೂತಿದ್ದಾರಲ್ಲ, ತೊಂದರೆಯಿಲ್ಲ ತಾನೆ ಎಂದು ಕೇಳಿದ. ಪರದೆಯಲ್ಲಿ ನನ್ನನ್ನೇ ನೋಡಿಕೊಂಡೆ. ಗೋಡೆ, ಕಪಾಟು, ಕಿಟಕಿ ಎಲ್ಲ ಮಂಜಾಗಿತ್ತು. ನಾನು ಸ್ಪಷ್ಟವಾಗಿದ್ದೆ. ನನ್ನ ಹಿಂದೆ ಶಾಲು ಹೊದ್ದ ಆ ಬೆನ್ನೂ ಅಷ್ಟೇ ಸ್ಪಷ್ಟವಾಗಿತ್ತು. ಯಂತ್ರ ಅದನ್ನು ಮನುಷ್ಯರ ಲೆಕ್ಕಕ್ಕೆ ಹಾಕಿತ್ತು. ಕುರ್ಚಿ, ಕುರ್ಚಿ ಅಷ್ಟೇ ಎಂದು ನಕ್ಕೆ. ಉಳಿದ ಕ್ಲಾಸಿನಲ್ಲಿ ಒಂದಕ್ಷರವೂ ತಲೆಗೆ ಹೋಗಲಿಲ್ಲ.

ಆ ಪಾಠದಲ್ಲಿ ಕೆಟ್ಟ ಸುದ್ದಿ ತಿಳಿಸುವುದು ಹೇಗೆ ಎಂಬ ಒಂದು ಪ್ರಬಂಧ ಬರೆಯುವುದಿತ್ತು. ಬೇಗ ಹೇಳಿ, ನೀವೇ ಹೇಳಿ, ಸುತ್ತಿಬಳಸಬೇಡಿ, ತಡ ಮಾಡಿದರೆ ಕೇಳುವವರು ನಿಮ್ಮ ಮುಖದಿಂದಲೇ ಓದಿಕೊಳ್ಳುತ್ತಾರೆ ಎಂದೆಲ್ಲ ಬರೆದೆ. ಹತ್ತಕ್ಕೆ ಎಂಟೂವರೆ ಬಂತು. ನನ್ನ ಬಗ್ಗೆ ನನಗೆ ಅಷ್ಟು ನಾಚಿಕೆ ಬೇರೆ ಯಾವತ್ತೂ ಆಗಿಲ್ಲ.

ಅಂಕ ಬಂದ ದಿನ ಶನಿವಾರ, ಊಟದ ಬಿಡುವು. ನಾನು ಕೆಳಗೆ ಅಡುಗೆಮನೆಯಲ್ಲಿ ನಿಂತಿದ್ದೆ, ಅಮ್ಮನ ಫೋನ್ ಎದುರಿಗೇ ಚಾರ್ಜಿಗೆ ಹಾಕಿತ್ತು. ಮೇಲಿನಿಂದ ಅಮ್ಮನ ಮಾತು ಕೇಳಿಸಿತು. ಅಕ್ಕನ ಜೊತೆ ಫೋನಿನಲ್ಲಿ ಮಾತಾಡುವಾಗಿನ ಅದೇ ರಾಗ. ಒಂದು ಪ್ರಶ್ನೆ, ಉತ್ತರ ಕೇಳಿಸಿಕೊಳ್ಳುವಷ್ಟು ಮೌನ, ಒಂದು ಸಣ್ಣ ನಗು, ಮತ್ತೆ ಪ್ರಶ್ನೆ. ನನ್ನ ಲ್ಯಾಪ್‌ಟಾಪ್ ತೆರೆದೇ ನನ್ನ ಕೈಯಲ್ಲಿತ್ತು. ಗಂಡ ಅಂಗಡಿಗೆ ಹೋಗಿದ್ದ. ಮೆಟ್ಟಿಲು ಹತ್ತತೊಡಗಿದೆ. ಅಮ್ಮನ ತಲೆ ಕೆಟ್ಟಿದೆ, ಅದನ್ನು ನಾನೇ ಕೆಡಿಸಿದೆ ಎಂದು ಅನಿಸಿತು. ಅದಲ್ಲದಿದ್ದರೆ ಏನಿರಬಹುದು ಎಂದು ಯೋಚಿಸಲು ಇನ್ನೂ ಭಯವಾಯಿತು.

ಅಮ್ಮ ರೇಡಿಯೇಟರಿಗೆ ಒರಗಿ ಕುರ್ಚಿಯ ಎದುರು ನೆಲದ ಮೇಲೆ ಕೂತಿದ್ದಳು.

"ಅಲ್ಲೇ ನಿಲ್ಬೇಡ, ಬಾ," ಎಂದಳು. "ನಿನ್ನೆ ಅಕ್ಕನ ಬೊಜ್ಜ ಆಯ್ತಲ್ಲ. ಎಷ್ಟು ಜನ ಇದ್ರಂತೆ?"

ತೀರಿಹೋದವರಿಗೆ ಹದಿನಾರನೆಯ ದಿನ ಮಾಡುವ ಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತಾರೆ. ಅದು ನಿನ್ನೆಯೇ ಆಗಿತ್ತು. ದೊಡ್ಡಮ್ಮನ ಮಗ ನಾಲ್ಕೇ ಜನರನ್ನು ಕರೆದು ಮುಗಿಸಿದ್ದ. ಇದನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಲ್ಯಾಪ್‌ಟಾಪನ್ನು ನೆಲಕ್ಕಿಟ್ಟು ಅಲ್ಲೇ ಕೂತೆ. ನಿಂಗೆ ಯಾರು ಹೇಳಿದ್ದು ಎಂದು ಕೇಳಿದೆ.

"ನೀನೇ ಅಲ್ವಾ ಕುರ್ಚಿ ಇಟ್ಟದ್ದು," ಎಂದಳು ಅಮ್ಮ. "ತೆಂಕು ಮುಖ ಮಾಡಿ, ಯಾರೂ ಕೂರ್ಬಾರದು, ಮುಟ್ಬಾರದು ಅಂದೆ. ಕಣ್ಣು ಕೆಂಪು ಮಾಡಿಕೊಂಡಿದ್ದೆ. ಇನ್ನು ಎಂತ ಹೇಳ್ಬೇಕು? ಅವತ್ತಿನಿಂದ ದಿನ ಎಣಿಸಿದೆ. ಬರೀ ಕುರ್ಚಿ ಇಟ್ರೆ ಆಗ್ತದಾ, ನೀರು ಇಡುವುದು ಬೇಡ್ವಾ? ಇಲ್ಲಿ ಹುಟ್ಟಿದ ಮಕ್ಕಳ ಹಾಗೆ ಅದೂ ಮರ್ತಿದ್ದೀಯ ಅಂತ ನಾನೇ ಇಟ್ಟೆ."

ನಮ್ಮ ಊರಿನಲ್ಲಿ ಹೋದವರಿಗೆ ಎಲೆ ಹಾಕಿ, ನೀರಿಟ್ಟು, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಯಾರೂ ಅತ್ತ ಸುಳಿಯುವುದಿಲ್ಲ. ಪ್ರೊಫೆಸರಮ್ಮನ ಕುರ್ಚಿಯನ್ನು ಅಮ್ಮ ಹಾಗೆ ಓದಿಕೊಂಡಿದ್ದಳು. ಅವಳು ತಿಳಿದದ್ದು ತಪ್ಪು, ಆ ತಪ್ಪಿನಿಂದ ಅವಳಿಗೆ ಸಿಕ್ಕಿದ್ದು ಮಾತ್ರ ನಿಜ. ಇದು ನನ್ನ ಕ್ಲಾಸಿನ ಕುರ್ಚಿ, ಉಗ್ರಾಣದ ಕೆಲಸಗಾರನಿಗೆ ಇಟ್ಟದ್ದು ಎಂದು ತೊದಲುತ್ತಾ ಹೇಳಿದೆ. ಅವಳು ಕೇಳಿಸಿಕೊಂಡಳು, ಆದರೆ ಅದರಿಂದ ಅವಳಿಗೇನೂ ಆಗಲಿಲ್ಲ. ಹದಿನಾರು ದಿನ ನೀನು ಹೇಳ್ತಿ ಅಂತ ಕಾದೆ, ಪರೀಕ್ಷೆ ಏನೋ ಉಂಟು, ಮುಗೀಲಿ ಅಂತ ಸುಮ್ಮನಿದ್ದೆ ಎಂದಳು. ಅಷ್ಟು ದಿನ ಈ ಮನೆಯಲ್ಲಿ ಅವಳೊಬ್ಬಳೇ ದುಃಖ ನುಂಗಿಕೊಂಡು ದೋಸೆ ಹುಯ್ದಿದ್ದಳು. ನಾನು ಅವಳ ಕಾಲು ಹಿಡಿದೆ. ಅವಳು ಕಾಲು ಎಳೆದುಕೊಂಡಳು.

"ಎದ್ದು ಕುರ್ಚಿಯಲ್ಲಿ ಕೂತ್ಕೊ. ಅವತ್ತು ನಿನ್ನ ಟೀಚರ್ ಕೂರಿಸಿದ್ರಲ್ಲ, ಹಾಗೆ. ನಾನು ಕೇಳ್ತೇನೆ, ಅಕ್ಕ ಹೇಳಿದ ಹಾಗೇ ಹೇಳು. ನಾನು ಎಷ್ಟು ಕೇಳಿದ್ರೂ ಅವಳು ಇದೊಂದಕ್ಕೆ ಉತ್ತರ ಕೊಡುವುದಿಲ್ಲ."

ಬೇಡ ಎಂದೆ. ಕೊನೆಗೆ ಎದ್ದು ಕೂತೆ. ಶಾಲು ಬೆನ್ನಿಗೆ ತಗುಲಿತು. ಹೊರಗೆ ಮೋಡದ ಬೆಳಕು, ಎದುರು ಮನೆಯವರು ಸೈಕಲ್ ತೊಳೆಯುತ್ತಿದ್ದರು.

"ಅಕ್ಕ, ಹತ್ತಿರ ಯಾರಿದ್ರು?"

ಹಿತವಾದದ್ದನ್ನು ಹೇಳುವಂತಿಲ್ಲ ಎಂಬುದು ಆ ಕುರ್ಚಿಯ ನಿಯಮ. ಯಾರೂ ಇರಲಿಲ್ಲ ಎಂದೆ.

"ಬಾಯಾರಿತ್ತಾ?"

ದೊಡ್ಡಮ್ಮನ ಮಗ ಫೋನಿನಲ್ಲಿ ಹೇಳಿದ್ದು ಅದನ್ನೇ, ನಾನು ಮುಚ್ಚಿಡಬೇಕೆಂದಿದ್ದೂ ಅದನ್ನೇ. ಇಲ್ಲ ಎನ್ನಲು ಬಾಯಿ ತೆರೆದೆ. ಹೊರಬಂದ ಸ್ವರ ನನ್ನದೇ, ಆದರೆ ನಾನು ಅಷ್ಟು ಮೆಲ್ಲಗೆ ಮಾತಾಡುವವಳಲ್ಲ.

"ತುಂಬಾ ಬಾಯಾರಿತ್ತು. ಬೆಳಗಿನ ಜಾವ ಕೇಳಿದೆ. ಮಾಸ್ಕ್ ತೆಗೀಲಿಕ್ಕೆ ಆಗುವುದಿಲ್ಲ ಅಂತ ಕೊಡ್ಲಿಲ್ಲ."

ಅಮ್ಮ ಕಣ್ಣು ಮುಚ್ಚಿ ತಲೆಯಾಡಿಸಿದಳು. ಆಮೇಲೆ ಕಟ್ಟೆಯ ಮೇಲಿನ ಲೋಟ ತೆಗೆದು, ಇನ್ನೊಂದು ಕೈಯಲ್ಲಿ ನನ್ನ ಗಲ್ಲ ಹಿಡಿದು, ಮಕ್ಕಳಿಗೆ ಕುಡಿಸಿದಂತೆ ನಿಧಾನವಾಗಿ ಕುಡಿಸಿದಳು. ನೀರು ಬೆಚ್ಚಗಿತ್ತು. ಪೂರ್ತಿ ಖಾಲಿಯಾಗುವವರೆಗೆ ಬಿಡಲಿಲ್ಲ. ಆಗ ಅವಳಿಗೆ ಅಳು ಬಂತು, ಅಷ್ಟು ದಿನದ್ದೂ ಒಟ್ಟಿಗೆ. ಲ್ಯಾಪ್‌ಟಾಪಿನಲ್ಲಿ ಕ್ಲಾಸ್ ಮತ್ತೆ ಶುರುವಾಗಿ ಪ್ರೊಫೆಸರಮ್ಮ ಯಾರನ್ನೋ ಮಾತಾಡಿಸುತ್ತಿದ್ದರು.

ಐದು ನಿಮಿಷದ ಹಿಂದಷ್ಟೇ ಅಡುಗೆಮನೆಯಲ್ಲಿ ನಾನು ಎರಡು ಲೋಟ ನೀರು ಕುಡಿದಿದ್ದೆ. ಆದರೂ ಆ ಕುರ್ಚಿಯಿಂದ ಏಳಲಾಗಲಿಲ್ಲ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಇನ್ನೂ ಸ್ವಲ್ಪ ಬೇಕು ಎಂದೆ. ಅಮ್ಮ ಕಣ್ಣೊರೆಸಿಕೊಂಡು, ತರ್ತೇನೆ ಅಕ್ಕ ಎಂದು ಲೋಟ ಹಿಡಿದು ಮೆಟ್ಟಿಲಿಳಿದಳು.