ಹೆಗಲಿನ ನೀಲಿ ಪಟ್ಟಿ

ಹೆಗಲಿಗೆ ಪಟ್ಟಿ ಅಂಟಿಸಿಕೊಂಡು ತಿರುಗುವವನಿಗೆ ಸಿಗುವ ಮರ್ಯಾದೆ ಮೂಳೆ ಮುರಿದುಕೊಂಡವನಿಗೂ ಸಿಗಲಾರದು. ಆಗಿನ್ನೂ ನಮ್ಮ ಕಡೆ ಅಂಥ ಪಟ್ಟಿಯನ್ನು ಯಾರೂ ಕಂಡಿರಲಿಲ್ಲ. ನನ್ನ ಕಾಲರಿನಿಂದ ಇಣುಕುತ್ತಿದ್ದ ನೀಲಿ ತುದಿಯನ್ನು ನೋಡಿದ ಹಾನುಬಾಳಿನ ಜನರೆಲ್ಲ ನಾನು ಜೀಪಿನಿಂದ ಬಿದ್ದೆನೆಂದೇ ತೀರ್ಮಾನಿಸಿದರು. ಬರೀ ಸ್ನಾಯುವಿನ ಗಂಟು ಎಂದು ಹೇಳಿ ಅವರನ್ನು ನಿರಾಶೆಗೊಳಿಸಲು ನನಗೆ ಮನಸ್ಸಾಗಲಿಲ್ಲ.

ಗಂಟು ಹಳೆಯದು. ಕಾಫಿ ಗಿಡ ಸವರುವ ದಿನಗಳಲ್ಲಿ ಹೆಗಲು ಹಿಡಿದುಕೊಂಡರೆ ಹೆಂಡತಿ ಜಯಳ ಪಾದವೇ ಮದ್ದು. ಅವಳು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಪಾದ ಸೋಕಿದರೆ ಉಳುಕು ಬಿಡುತ್ತದೆಂದು ನಮ್ಮವರ ನಂಬಿಕೆ. ಊರಿನ ಹಿರಿಯರ ಬೆನ್ನಿಗೆ ಪಾದ ಸೋಕಿಸುವ ಮೊದಲು ಕೈಮುಗಿಯುತ್ತಿದ್ದವಳು ನನ್ನ ಸರದಿ ಬಂದಾಗ ಮಾತ್ರ, "ನಿಮ್ಗೆಂಥ ಕೈ ಮುಗಿಯೋದು, ಸುಮ್ನೆ ಬಗ್ಗಿ ಮಾರಾಯ್ರೆ" ಎನ್ನುತ್ತಿದ್ದಳು. ವಾರದ ಜಗಳಗಳೂ ಆ ಹಿಮ್ಮಡಿಯಲ್ಲೇ ಇತ್ಯರ್ಥವಾಗುತ್ತಿದ್ದವು.

ಅವಳು ತೀರಿಕೊಂಡ ಮೇಲೆ ಹೆಗಲು ಮತ್ತೆ ಹಿಡಿದುಕೊಂಡಾಗ ಯಾರಿಗೂ ಹೇಳಲಿಲ್ಲ. ಆ ನೋವನ್ನು ಇನ್ನೊಬ್ಬರು ತೆಗೆದುಬಿಟ್ಟರೆ ನನ್ನಲ್ಲಿ ಅವಳಿಗೆಂದು ಉಳಿದಿದ್ದ ಜಾಗವೂ ಹೋಗುತ್ತದೇನೋ ಎಂಬ ಅಳುಕು. ಕೊನೆಗೆ ಕುತ್ತಿಗೆಯೇ ತಿರುಗದಾದಾಗ ಅವಳ ತಮ್ಮ ಪುಟ್ಟರಾಜು ಬಂದ. "ಏಳಿ ಭಾವ, ಮದ್ವೆ ಫೋಟೋಗೆ ನಿಂತಂಗೆ ಎಷ್ಟು ದಿನ ಅಂತ ನಿಂತ್ಕಂಡಿರ್ತೀರ?" ಎಂದು ಜೀಪು ಹತ್ತಿಸಿ ಸಕಲೇಶಪುರಕ್ಕೆ ಕರೆದೊಯ್ದ.

ಫಿಸಿಯೋಥೆರಪಿಯ ಹುಡುಗಿ ನನ್ನ ತಲೆನೋವಿನ ಕತೆಯನ್ನೂ ಕೇಳಿಕೊಂಡು, ಹೆಗಲನ್ನು ತಡವಿ, ಒಂದು ಕಡೆ ಹೆಬ್ಬೆರಳು ಒತ್ತಿದಳು. ನೋವು ಕಿವಿಯ ಹಿಂದಿನಿಂದ ಹತ್ತಿ ಹಣೆಗೆ ಬಂತು.

"ನಿಮ್ಮ ತಲೆನೋವೂ ಇದ್ರದ್ದೇ ಅಂಕಲ್. ಉಸಿರು ಬಿಡಿ, ಬಿಗಿ ಹಿಡೀಬೇಡಿ."

ನಾನು ಬಿಗಿ ಹಿಡಿದೇ ಇದ್ದೆ. ಅವಳು ಅವಸರಪಡದೆ, ಬೆರಳನ್ನು ಅಲ್ಲೇ ಇಟ್ಟು ಕಾದಳು. ಬಹಳ ಹೊತ್ತಿನ ಮೇಲೆ ಒಳಗೇನೋ ಮೆಲ್ಲಗೆ ಸಡಿಲಿತು. ಆಮೇಲೆ ಹಿಗ್ಗುವ ಬಟ್ಟೆಯ ಆ ನೀಲಿ ಪಟ್ಟಿ ಅಂಟಿಸಿ, "ಇದೇ ಗುಣ ಮಾಡಲ್ಲ, ಸ್ವಲ್ಪ ಆಸರೆ ಅಷ್ಟೆ" ಎಂದಳು.

ವಾಪಸು ಬರುವಾಗ ಪುಟ್ಟರಾಜು ರಸ್ತೆಯನ್ನೇ ನೋಡುತ್ತಾ ಕೇಳಿದ: "ಹೆಂಗೈತೆ ಭಾವ? ಅಕ್ಕ ತುಳಿದಂಗಾಯ್ತಾ?"

ಇಲ್ಲವೆನ್ನಲು ಅವನತ್ತ ತಿರುಗಿದೆ. ಕುತ್ತಿಗೆ ಸಲೀಸಾಗಿ ತಿರುಗಿತು. ಅವಳು ಹೋದ ಮೇಲೆ ಅವನ ಮುಖವನ್ನು ನಾನು ನೆಟ್ಟಗೆ ನೋಡಿದ್ದು ಅದೇ ಮೊದಲು; ಎಷ್ಟು ಸೊರಗಿಹೋಗಿದ್ದ! ದುಃಖವೆಲ್ಲ ನನ್ನೊಬ್ಬನದೇ ಎಂಬಂತೆ ನಾನು ಕೂತಿದ್ದೆ.

"ಅವಳಂಗಲ್ಲ," ಎಂದೆ. "ಆದ್ರೂ ಕಮ್ಮಿ ಆಗೈತೆ ಕಣೋ."